ಊರ ಲೈಬ್ರರಿಯಲ್ಲಿ ಕನ್ನಡ ಕಾರ್ಯಕ್ರಮ ಶುರು ಮಾಡುವುದು ಹೇಗೆ?

"ನಮ್ಮೂರಲ್ಲಿ ಲೈಬ್ರರಿ ಇದೆ. ಕನ್ನಡ ಪುಸ್ತಕಗಳೂ ಇವೆ. ಆದರೆ ಮಕ್ಕಳು ಬರುವುದಿಲ್ಲ. ಏನಾದರೂ ಕಾರ್ಯಕ್ರಮ ಮಾಡೋಣ ಅಂತ ಇದೆ, ಎಲ್ಲಿಂದ ಶುರು ಮಾಡುವುದು?"

ಕುಂಬಳೆ, ಬದಿಯಡ್ಕ, ಪೈವಳಿಕೆ, ಮುಳ್ಳೇರಿಯ, ಹೀಗೆ ಕಾಸರಗೋಡಿನ ಬೇರೆ ಬೇರೆ ಕಡೆಗಳಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರು ಹೆಚ್ಚಾಗಿ ಟೀಚರ್‌ಗಳು, ಸಮಿತಿಗೆ ಹೊಸದಾಗಿ ಸೇರಿದ ಯುವಕರು, ಮಕ್ಕಳ ಅಮ್ಮಂದಿರು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲೇ ಒಟ್ಟಿಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರ್ಯಕ್ರಮ ಎಂದ ಕೂಡಲೇ ನಮಗೆ ವೇದಿಕೆ, ಮೈಕು, ಅತಿಥಿ, ಶಾಲು ನೆನಪಾಗುತ್ತವೆ. ಅದನ್ನು ಸದ್ಯಕ್ಕೆ ಬದಿಗಿಡಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಗಂಟೆಗೆ ಬಾಗಿಲು ತೆರೆಯಬೇಕು. ಚಾಪೆ ಹಾಸಬೇಕು. ಒಂದು ಕತೆ ಓದಬೇಕು. ಮಗು ಮನೆಗೆ ಹೊರಡುವಾಗ ಅದರ ಕೈಯಲ್ಲಿ ಒಂದು ಪುಸ್ತಕ ಇರಬೇಕು. ಇಷ್ಟು ಆರು ತಿಂಗಳು ನಡೆದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಏನೇನು ಬೇಕು?

ಚಾಪೆ ಎರಡು. ಗೋಡೆಗೆ ಒಂದು ಬೋರ್ಡು, ಸೀಮೆಸುಣ್ಣ. ದೊಡ್ಡ ಚಿತ್ರಗಳಿರುವ ಹತ್ತು ಹದಿನೈದು ಕನ್ನಡ ಪುಸ್ತಕ. ಒಂದು ಹಾಜರಿ ಪುಸ್ತಕ. ತಪ್ಪದೆ ಬರುವ ಇಬ್ಬರು ದೊಡ್ಡವರು. ಒಬ್ಬರು ಸಾಲದು, ಇಬ್ಬರೇ ಬೇಕು: ಒಬ್ಬರಿಗೆ ಜ್ವರ ಬಂದರೂ ಬಾಗಿಲು ತೆರೆಯಬೇಕಲ್ವಾ? ಮಕ್ಕಳ ಜೊತೆ ಯಾವಾಗಲೂ ಇಬ್ಬರು ಹಿರಿಯರಿರುವುದು ಸುರಕ್ಷತೆಗೂ ಒಳ್ಳೆಯದು.

ಹಂತ 1: ಸಮಿತಿಯ ಜೊತೆ ಮಾತಾಡಿ

ಕರ್ನಾಟಕದ ಕಡೆಯಿಂದ ಬಂದವರಿಗೆ ಇಲ್ಲಿ ಸ್ವಲ್ಪ ಗೊಂದಲ ಆಗುತ್ತದೆ. ಅಲ್ಲಿ ಹಳ್ಳಿಯ ಲೈಬ್ರರಿಯನ್ನು ಗ್ರಾಮ ಪಂಚಾಯತ್ ನಡೆಸುತ್ತದೆ. ಕೇರಳದಲ್ಲಿ ಹೆಚ್ಚಿನ ಊರ ಲೈಬ್ರರಿಗಳನ್ನು ಊರವರೇ ಕಟ್ಟಿ, ಊರವರೇ ನಡೆಸುತ್ತಾರೆ. ಅವಕ್ಕೆ ಕೇರಳ ರಾಜ್ಯ ಗ್ರಂಥಾಲಯ ಕೌನ್ಸಿಲ್ ಮಾನ್ಯತೆ ಮತ್ತು ವರ್ಷದ ಗ್ರಾಂಟ್ ಕೊಡುತ್ತದೆ. ಇದಕ್ಕೆ 1989ರ ಕಾಯಿದೆ ಇದೆ. ಕೌನ್ಸಿಲಿಗೆ ತಾಲೂಕು ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಸಮಿತಿಗಳಿವೆ. ಈ ಪದ್ಧತಿ ಹುಟ್ಟಿದ್ದೇ ಸಣ್ಣ ಊರುಗಳಲ್ಲಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ತಿರುವಾಂಕೂರಿನ 47 ಗ್ರಾಮ ಗ್ರಂಥಾಲಯಗಳನ್ನು ಒಂದು ಸಂಘವಾಗಿ ಸೇರಿಸಿದರು. ಇಂದಿನ ಕೌನ್ಸಿಲಿನ ಬೇರು ಅಲ್ಲಿದೆ.

ಹಾಗಾಗಿ ನೀವು ಮಾತಾಡಬೇಕಾದದ್ದು ಲೈಬ್ರರಿಯ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಲೈಬ್ರೇರಿಯನ್ ಜೊತೆ. ಕೇಳುವಾಗ "ಬಾಲವೇದಿ" ಎಂಬ ಪದ ಬಳಸಿ. ಲೈಬ್ರರಿಯೊಳಗಿನ ಮಕ್ಕಳ ಕೂಟಕ್ಕೆ ಕೌನ್ಸಿಲ್ ಇಟ್ಟ ಹೆಸರು ಅದು. ಹೆಂಗಸರ ಕೂಟಕ್ಕೆ ವನಿತಾವೇದಿ ಎನ್ನುತ್ತಾರೆ. ಹಲವು ಕಡೆ ಇವು ಕಾಗದದಲ್ಲಿ ಮಾತ್ರ ಇರುತ್ತವೆ. "ನಮ್ಮ ಬಾಲವೇದಿಯನ್ನು ನಾನು ನಡೆಸುತ್ತೇನೆ" ಎಂದು ನೀವಾಗಿ ಮುಂದೆ ಬಂದರೆ ಬೇಡ ಎನ್ನುವವರು ಕಡಿಮೆ. ತೀರ್ಮಾನವನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿಕೊಳ್ಳಿ. ನಾಳೆ ಸಮಿತಿ ಬದಲಾದರೂ ಕೂಟ ನಿಲ್ಲಬಾರದು.

ಎಚ್ಚರಿಕೆ: ಲೈಬ್ರರಿಯ ಈಗಿನ ಮಲಯಾಳಂ ಕಾರ್ಯಕ್ರಮಕ್ಕೆ ಎದುರಾಗಿ ಕನ್ನಡದ್ದನ್ನು ನಿಲ್ಲಿಸಬೇಡಿ. ಅದರ ಪಕ್ಕದಲ್ಲಿ ನಿಲ್ಲಿಸಿ. ಬಾಗಿಲು ತೆರೆದುಕೊಡುವವರು, ಬೆಂಚು ಎತ್ತುವವರು, ಚಹಾ ಮಾಡುವವರು ಎಲ್ಲ ಭಾಷೆಯವರೂ ಇರುತ್ತಾರೆ.

ಹಂತ 2: ದಿನ ಮತ್ತು ಗಂಟೆ ಗೊತ್ತು ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ಭಾನುವಾರ ಬೆಳಿಗ್ಗೆ ಅಂತ ಸುಮ್ನೆ ಇಟ್ಟುಬಿಡುತ್ತಾರೆ. ಮದ್ರಸಕ್ಕೆ ಹೋಗುವ ಮಕ್ಕಳಿಗೆ ಸಾಮಾನ್ಯವಾಗಿ ವಾರದ ರಜೆ ಶುಕ್ರವಾರ. ಭಾನುವಾರ ಬೆಳಿಗ್ಗೆ ಅವರಿಗೆ ಕ್ಲಾಸು ಇರುತ್ತದೆ. ಚರ್ಚಿಗೆ ಹೋಗುವ ಮನೆಯವರೂ ಆಗ ಬರುವುದಿಲ್ಲ. ಊರಿನ ಅರ್ಧ ಮಕ್ಕಳನ್ನು ನಾವೇ ಗೊತ್ತಿಲ್ಲದೆ ಹೊರಗೆ ಇಟ್ಟ ಹಾಗಾಗುತ್ತದೆ. ಶನಿವಾರ ಮಧ್ಯಾಹ್ನ 3ರಿಂದ 4 ಬಹಳ ಊರುಗಳಿಗೆ ಒಗ್ಗುತ್ತದೆ. ಆದರೂ ನಿಮ್ಮೂರಿನ ಬಸ್ಸಿನ ಸಮಯ ನೋಡಿ, ನಾಲ್ಕು ಮನೆಗಳಲ್ಲಿ ಕೇಳಿ, ಆಮೇಲೆ ನಿಗದಿ ಮಾಡಿ.

ಒಮ್ಮೆ ನಿಗದಿಯಾದ ಮೇಲೆ ಬದಲಾಯಿಸಬೇಡಿ. ಮಳೆಗಾಲಕ್ಕೆ ಮೊದಲು ಇವೆಲ್ಲ ಮುಗಿಯುವ ಪತ್ತನಾಜೆಯ ದಿನದವರೆಗೆ ಒಂದಲ್ಲ ಒಂದು ಕಡೆ ಜಾತ್ರೆ, ಭೂತಕೋಲ, ಯಕ್ಷಗಾನದ ಆಟ ಇದ್ದೇ ಇರುತ್ತದೆ. ಪ್ರತಿಯೊಂದಕ್ಕೂ ದಿನ ಬದಲಾಯಿಸಲು ಹೊರಟರೆ ಯಾವ ಶನಿವಾರ ಇದೆ, ಯಾವುದು ಇಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಒಂದು ವಿನಾಯಿತಿ: ಮಳೆಗೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳನ್ನು ಕರೆಯಬೇಡಿ. ತೋಡು, ಕಾಲುಸಂಕ ದಾಟಿ ಬರುವ ಮಕ್ಕಳಿದ್ದಾರೆ.

ಹಂತ 3: ಪುಸ್ತಕ ಹುಡುಕಿ

ಮೊದಲು ನಿಮ್ಮ ಕಪಾಟನ್ನೇ ನೋಡಿ. ಇಡೀ ಒಂದು ಮಧ್ಯಾಹ್ನ ಕೂತು ಮಕ್ಕಳ ಪುಸ್ತಕಗಳನ್ನೆಲ್ಲ ಹೊರತೆಗೆಯಿರಿ. ಗೆದ್ದಲು ಹಿಡಿದದ್ದು, ಪುಟ ಹೋದದ್ದು ಬೇರೆ ಇಡಿ. ಉಳಿದದ್ದನ್ನು ಮಕ್ಕಳ ಕೈಗೆಟುಕುವ ಕೆಳಗಿನ ತಟ್ಟಿನಲ್ಲಿ, ಮುಖಪುಟ ಕಾಣುವ ಹಾಗೆ ಇಡಿ. ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದ ಪುಸ್ತಕವನ್ನು ಏಳು ವರ್ಷದ ಮಗು ಮುಟ್ಟುವುದಿಲ್ಲ.

ಹೊಸ ಪುಸ್ತಕಕ್ಕೆ ಮೂರು ದಾರಿ.

ಒಂದು, ಜಿಲ್ಲಾ ಗ್ರಂಥಾಲಯ ಕೌನ್ಸಿಲ್ ನಡೆಸುವ ಪುಸ್ತಕೋತ್ಸವ. ಗ್ರಾಂಟಿನ ಹಣದಲ್ಲಿ ಸಮಿತಿಯವರು ಪುಸ್ತಕ ಆರಿಸುವುದು ಅಲ್ಲಿ. ಬರಿಗೈಯಲ್ಲಿ ಹೋದರೆ ಸಂಜೆಯ ಹೊತ್ತಿಗೆ ಹಣ ಮುಗಿದು ಕನ್ನಡಕ್ಕೆ ಏನೂ ಉಳಿಯುವುದಿಲ್ಲ. ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಮೊದಲೇ ಬರೆದು ಸಮಿತಿಗೆ ಕೊಡಿ. ಸಾಧ್ಯವಾದರೆ ನೀವೇ ಜೊತೆಯಲ್ಲಿ ಹೋಗಿ.

ಎರಡು, ಸ್ಟೋರಿವೀವರ್. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಜಾಲತಾಣ ಇದು. ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಅವು ಮುಕ್ತ ಪರವಾನಗಿಯಲ್ಲಿವೆ. ಅಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ನೀವು ಪ್ರಿಂಟ್ ತೆಗೆಯಬಹುದು, ಹಂಚಬಹುದು, ತುಳುವಿಗೋ ಬ್ಯಾರಿಗೋ ಅನುವಾದ ಕೂಡ ಮಾಡಬಹುದು. ಓದುವ ಶಕ್ತಿಗೆ ತಕ್ಕ ಹಾಗೆ ನಾಲ್ಕು ಮಟ್ಟಗಳಿವೆ. ಶುರುವಿಗೆ ಮೊದಲ ಎರಡು ಮಟ್ಟ ಸಾಕು, ನಾಲ್ಕನೇ ತರಗತಿಯ ಮಕ್ಕಳಿಗೂ ಸಾಕು.

ಮೂರು, ಮನೆ ಮನೆಯ ಹಳೆ ಪುಸ್ತಕ. ಇಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಹಳೆ ಗೈಡು, ಅವಧಿ ಮುಗಿದ ಪಠ್ಯಪುಸ್ತಕ ತಂದುಕೊಟ್ಟರೆ ನಯವಾಗಿ ಬೇಡ ಎನ್ನಿ.

ಹಂತ 4: ಮಕ್ಕಳ ಒಂದು ಗಂಟೆ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪೂರ್ತಿ ಕೆಲಸದ ಜೀವ ಇರುವುದು ಇದರಲ್ಲಿ.

ಮೊದಲ 10 ನಿಮಿಷ ಮಕ್ಕಳು ಬರುತ್ತಾರೆ, ಕಳೆದ ವಾರದ ಪುಸ್ತಕ ಹಿಂದೆ ಕೊಡುತ್ತಾರೆ. "ಓದಿದೆಯಾ?" ಎಂದು ಕೇಳಬೇಡಿ. ಅದು ಪರೀಕ್ಷೆಯ ಹಾಗೆ ಕೇಳಿಸುತ್ತದೆ. "ಯಾವ ಚಿತ್ರ ಚೆಂದ ಇತ್ತು?" ಎಂದು ಕೇಳಿ. ಓದಲು ಬಾರದ ಮಗುವಿಗೂ ಇದಕ್ಕೆ ಉತ್ತರ ಇರುತ್ತದೆ.

ಮುಂದಿನ 20 ನಿಮಿಷ ಗಟ್ಟಿಯಾಗಿ ಓದುವುದು. ಪುಸ್ತಕವನ್ನು ತೊಡೆಯ ಮೇಲಿಡಬೇಡಿ. ಮುಖದ ಪಕ್ಕಕ್ಕೆ, ಮಕ್ಕಳ ಕಡೆ ತಿರುಗಿಸಿ ಹಿಡಿಯಿರಿ. ಹಾಗಾಗಿ ಕತೆಯನ್ನು ಹಿಂದಿನ ದಿನ ಮನೆಯಲ್ಲಿ ಎರಡು ಸಲ ಓದಿಕೊಂಡು ಬರಬೇಕು, ಅಕ್ಷರ ನೋಡದೆಯೂ ಹೇಳುವಷ್ಟು. ನಿಧಾನವಾಗಿ ಓದಿ. ಪುಟ ತಿರುಗಿಸುವ ಮೊದಲು ಒಂದು ಕ್ಷಣ ನಿಲ್ಲಿ. "ಈಗ ಏನಾಗುತ್ತದೆ?" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ನಮ್ಮ ಕಡೆ ಚಾಪೆಯ ಮೇಲೆ ಕೂತ ಹತ್ತು ಮಕ್ಕಳ ಮನೆಮಾತು ಐದಾರು ಇರುತ್ತದೆ. ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ. ಪುಸ್ತಕದ ಕನ್ನಡ ಹಲವರಿಗೆ ಶಾಲೆಯ ಭಾಷೆ ಮಾತ್ರ. ಇದನ್ನು ತೊಂದರೆ ಎಂದು ನೋಡಬೇಡಿ. ಒಂದು ಶನಿವಾರ ನಾನು ಬೆಕ್ಕಿನ ಕತೆ ಓದುತ್ತಿದ್ದೆ. ಒಬ್ಬಳು "ನಮ್ಮಲ್ಲಿ ಪುಚ್ಚೆ" ಎಂದಳು. ಪಕ್ಕದವನು "ಪೂಚ್ಚ" ಎಂದ. ಹಿಂದಿನಿಂದ ಒಬ್ಬ "ಮಾಜ್ಜರ" ಎಂದು ಕೂಗಿದ. ಕತೆ ಅಲ್ಲಿಗೇ ನಿಂತಿತು. ಬೋರ್ಡಿನಲ್ಲಿ ಒಂದು ಬೆಕ್ಕು ಬಿಡಿಸಿ ಸುತ್ತಲೂ ಎಲ್ಲ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಬರೆದೆವು. ಅದುವರೆಗೆ ಬಾಯಿ ಬಿಡದೆ ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿ ಎದ್ದು ಬಂದು "ಪೂಚ್ಚ" ಎಂಬುದರ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವಳ ಮನೆಯ ಪದವನ್ನು ಕನ್ನಡದಲ್ಲಿ ಬರೆದದ್ದನ್ನು ಅವಳು ನೋಡಿದ್ದು ಅದೇ ಮೊದಲು. ಈಗ ನಾವು ಪ್ರತಿ ಕತೆಯಿಂದ ಒಂದು ಪದ ತೆಗೆದು ಹೀಗೆ ಬರೆಯುತ್ತೇವೆ. ನೀವೂ ಮಾಡಿ ನೋಡಿ.

ಆಮೇಲಿನ 15 ನಿಮಿಷ ಕೈಗೆ ಕೆಲಸ. ಕತೆಯ ಚಿತ್ರ ಬಿಡಿಸುವುದು, ಅಡಿಕೆ ಹಾಳೆಯಲ್ಲಿ ಮುಖವಾಡ ಮಾಡುವುದು, ಕತೆಯನ್ನು ಆಡಿ ತೋರಿಸುವುದು. ಸ್ಪರ್ಧೆ ಬೇಡ, ಬಹುಮಾನ ಬೇಡ. ಬಹುಮಾನ ಶುರುವಾದರೆ ಚೆನ್ನಾಗಿ ಓದಲು ಬಾರದ ಮಕ್ಕಳು ಒಂದೊಂದಾಗಿ ಬಿಟ್ಟುಹೋಗುತ್ತಾರೆ. ಈ ಕೂಟ ಇರುವುದೇ ಅವರಿಗಾಗಿ.

ಕೊನೆಯ 15 ನಿಮಿಷ ಪುಸ್ತಕ ಆರಿಸುವುದು. ಮಗುವೇ ಆರಿಸಲಿ. "ಇದು ನಿನಗೆ ಕಷ್ಟ" ಎಂದು ಕಿತ್ತುಕೊಳ್ಳಬೇಡಿ. ಇಶ್ಯೂ ರಿಜಿಸ್ಟರಿನಲ್ಲಿ ತನ್ನ ಹೆಸರನ್ನು ಮಗುವೇ ಕನ್ನಡದಲ್ಲಿ ಬರೆಯಲಿ. ಇಂಗ್ಲಿಷ್ ಮೀಡಿಯಂಗೆ ಹೋಗುವ ಕೆಲವು ಮಕ್ಕಳು ವಾರದಲ್ಲಿ ಕನ್ನಡ ಬರೆಯುವುದು ಅಷ್ಟೇ ಆಗಿರುತ್ತದೆ. ಪುಸ್ತಕ ಹರಿದು ಬಂದರೆ ಬೈಯಬೇಡಿ. ಅಂಟು, ಪಟ್ಟಿ ತಂದಿಡಿ, ಮಗುವೇ ಅಂಟಿಸಲಿ.

ಬರಲಾಗದ ಮಕ್ಕಳನ್ನೂ ನೆನಪಿಡಿ. ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಮನೆಗಳಿವೆ, ನಡೆಯಲಾಗದ ಮಕ್ಕಳಿದ್ದಾರೆ. ಪಂಚಾಯತ್‌ಗಳು ಅಂಥ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆಗಳಿವೆ. ಅಲ್ಲಿನ ಟೀಚರ್ ಹತ್ತಿರ ಕೇಳಿ, ತಿಂಗಳಿಗೊಂದು ದಿನ ಕತೆಪುಸ್ತಕ ಹಿಡಿದು ನೀವೇ ಹೋಗಿ. ಮುಟ್ಟಿ ನೋಡುವ, ಸದ್ದು ಮಾಡುವ ಕತೆಗಳು ಅಲ್ಲಿ ಚೆನ್ನಾಗಿ ನಡೆಯುತ್ತವೆ.

ಹಂತ 5: ದೊಡ್ಡವರಿಗೆ

ದೊಡ್ಡವರನ್ನು "ಓದಲು ಬನ್ನಿ" ಎಂದು ಕರೆದರೆ ಬರುವುದು ಕಷ್ಟ. ಅವರು ಈಗಾಗಲೇ ಸೇರುವ ಜಾಗಕ್ಕೆ ಪುಸ್ತಕ ತೆಗೆದುಕೊಂಡು ಹೋಗಿ. ಕುಟುಂಬಶ್ರೀ ಅಯಲ್‌ಕೂಟ (ನೆರೆಮನೆ ಹೆಂಗಸರ ಸಂಘ) ಸೇರುವ ದಿನ ಲೆಕ್ಕಪತ್ರ ಮುಗಿದ ಮೇಲೆ 15 ನಿಮಿಷ ಕೇಳಿಕೊಳ್ಳಿ. ಒಂದು ಸಣ್ಣ ಕತೆ ಓದಿ. ಚರ್ಚೆಗೆ ಒತ್ತಾಯ ಮಾಡಬೇಡಿ, ಎರಡನೇ ತಿಂಗಳಲ್ಲಿ ಅವರೇ ಮಾತಾಡುತ್ತಾರೆ. ಹೊರಗೆ ಬರಲಾಗದ ಹಿರಿಯರಿಗೆ ಮತ್ತು ಹೆಂಗಸರಿಗೆ ಮನೆಗೇ ಪುಸ್ತಕ ಮುಟ್ಟಿಸುವ ಯೋಜನೆ ಗ್ರಂಥಾಲಯ ಕೌನ್ಸಿಲಿನಲ್ಲೇ ಇದೆ. ನಿಮ್ಮ ಲೈಬ್ರರಿ ಅದರಲ್ಲಿದೆಯಾ ಎಂದು ತಾಲೂಕು ಕಚೇರಿಯಲ್ಲಿ ಕೇಳಿ.

ಯುವಕರಿಗೆ ಪಿಎಸ್‌ಸಿ ಮೂಲೆ ಮಾಡಿ. ಪಿಎಸ್‌ಸಿ ಎಂದರೆ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ನಡೆಸುವ ಲೋಕಸೇವಾ ಆಯೋಗ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳಂ ಎರಡೂ ಗೊತ್ತಿರುವವರಿಗೆಂದೇ ಕೆಲವು ಹುದ್ದೆಗಳು ಬರುತ್ತವೆ. ಹಳೆ ಪ್ರಶ್ನೆಪತ್ರಿಕೆ, ಎರಡು ದಿನಪತ್ರಿಕೆ, ಒಂದು ಮೇಜು ಇಟ್ಟರೆ ಸಾಕು, ಸಂಜೆ ಹುಡುಗರು ಬರುತ್ತಾರೆ. ಪರೀಕ್ಷೆಗೆ ಬಂದವರಲ್ಲಿ ಕೆಲವರಾದರೂ ಕತೆ ಪುಸ್ತಕದ ಕಡೆ ಕೈ ಚಾಚುತ್ತಾರೆ.

ಮಳೆಗಾಲಕ್ಕೆ ತಾಳಮದ್ದಳೆ. ವೇಷ, ಕುಣಿತ ಇಲ್ಲದ ಯಕ್ಷಗಾನ ಇದು. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ರಂಗಸ್ಥಳ ಬೇಡ, ಲೈಬ್ರರಿಯ ಜಗಲಿ ಸಾಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಅರ್ಥ ಹೇಳುವವರಿಗೆ ಬರವಿಲ್ಲ, ಊರಿನ ಮಾಷ್ಟ್ರು, ಅಂಗಡಿಯವರು, ಕೃಷಿಕರು ಎಲ್ಲರೂ ಇದ್ದಾರೆ. ಎರಡು ಗಂಟೆಯಲ್ಲಿ ಮುಗಿಯುವ ಭಾಗ ಆರಿಸಿ. ಶುರುವಾಗುವ ಮೊದಲು ಬಾಲವೇದಿಯ ಒಂದು ಮಗು ಪ್ರಸಂಗದ ಕತೆಯನ್ನು ಐದು ನಿಮಿಷ ಓದಿ ಹೇಳಲಿ. ಆ ಕತೆಗೆ ಸಂಬಂಧಿಸಿದ ಪುಸ್ತಕಗಳನ್ನು ಪಕ್ಕದ ಮೇಜಿನ ಮೇಲೆ ಹರಡಿಡಿ. ಅವತ್ತು ಅವನ್ನು ಕೊಂಡೊಯ್ಯುವವರು ಇದ್ದೇ ಇರುತ್ತಾರೆ.

ಹಂತ 6: ವರ್ಷದ ದೊಡ್ಡ ದಿನಗಳು

ವರ್ಷಕ್ಕೆ ಮೂರು ನಾಲ್ಕು ಸಾಕು, ಜಾಸ್ತಿ ಬೇಡ.

ಜೂನ್ 19 ವಾಚನಾ ದಿನ. 1995ರಲ್ಲಿ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ಅಲ್ಲಿಂದ ಜುಲೈ 7ರವರೆಗೆ ಲೈಬ್ರರಿಗಳಲ್ಲಿ ವಾಚನ ಪಕ್ಷಾಚರಣೆ ನಡೆಯುತ್ತದೆ. ಹೊಸ ಮಕ್ಕಳನ್ನು ಸದಸ್ಯರನ್ನಾಗಿ ಮಾಡಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ, ಶಾಲೆಯವರೇ ಕರೆತರುತ್ತಾರೆ. ಸೆಪ್ಟೆಂಬರ್ 14 ಗ್ರಂಥಾಲಯ ದಿನ.

ನವೆಂಬರ್ 1 ನಮ್ಮ ಗಡಿಯಲ್ಲಿ ವಿಶೇಷ ದಿನ. ಅತ್ತ ಕನ್ನಡ ರಾಜ್ಯೋತ್ಸವ, ಇತ್ತ ಕೇರಳ ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ). 1956ರ ಆ ದಿನವೇ ಕಾಸರಗೋಡು ಕೇರಳಕ್ಕೆ ಸೇರಿತು. ಹಿರಿಯರಿಗೆ ಇದು ನೋವಿನ ನೆನಪೂ ಹೌದು. ನನ್ನ ಸಲಹೆ: ಅವತ್ತು ಭಾಷಣ ಇಡಬೇಡಿ. ಒಂದೇ ಕತೆಯನ್ನು ಕನ್ನಡದಲ್ಲೂ ಮಲಯಾಳಂನಲ್ಲೂ ಇಬ್ಬರು ಮಕ್ಕಳಿಂದ ಓದಿಸಿ.

ಮಾರ್ಚ್ 23 ಮಂಜೇಶ್ವರ ಗೋವಿಂದ ಪೈಗಳು ಹುಟ್ಟಿದ ದಿನ. ಹುಟ್ಟಿದ್ದು 1883ರಲ್ಲಿ. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಆದರೆ ಮಾರ್ಚ್ ಪರೀಕ್ಷೆಯ ತಿಂಗಳು. ಅವತ್ತು ದೊಡ್ಡವರಿಗೆ ಸಂಜೆ ಕವಿತೆ ಓದುವ ಕೂಟ ಮಾಡಿ. ಮಕ್ಕಳನ್ನು ಏಪ್ರಿಲ್ ರಜೆಯಲ್ಲಿ ಮಂಜೇಶ್ವರದ ಅವರ ಮನೆಗೆ, ಈಗಿನ ಗಿಳಿವಿಂಡು ಸ್ಮಾರಕಕ್ಕೆ, ಕರೆದುಕೊಂಡು ಹೋಗಿ. ಹೋಗುವ ಮೊದಲು ತೆರೆದಿದೆಯಾ ಎಂದು ಫೋನ್ ಮಾಡಿ ಕೇಳಿಕೊಳ್ಳಿ.

ರಜಾ ಶಿಬಿರ ಮಾಡುವುದಾದರೆ ಮೂರು ದಿನ ಸಾಕು. ಹತ್ತು ದಿನ ಇಟ್ಟರೆ ಅರ್ಧಕ್ಕೆ ಮಕ್ಕಳು ಅಜ್ಜಿಮನೆಗೆ ಹೋಗಿರುತ್ತಾರೆ.

ಹಂತ 7: ಅನುಮತಿ ಮತ್ತು ನಿಯಮ

ಮೈಕು: ಹೊರಗೆ ಧ್ವನಿವರ್ಧಕ ಹಾಕುವುದಾದರೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಹಾಕುವಂತಿಲ್ಲ. ಒಂದು ವಾರ ಮೊದಲೇ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ನಲವತ್ತು ಜನರಿಗೆ ಮೈಕೇ ಬೇಡ.

ಕೃತಿಸ್ವಾಮ್ಯ: ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಬರಹಗಳನ್ನು 2024ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಕವಿತೆಗಳಿಗೆ ಹಕ್ಕು ಇನ್ನೂ ಇದೆ. ಆದರೆ ಟಿಕೆಟ್ ಇಲ್ಲದ ಸಭೆಯಲ್ಲಿ ಊರಿನ ಹವ್ಯಾಸಿ ಸಂಘ ಕವಿತೆ ಓದುವುದಕ್ಕೆ, ನಾಟಕ ಆಡುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಇಡೀ ಪುಸ್ತಕ ಜೆರಾಕ್ಸ್ ಮಾಡಿ ಹಂಚಬೇಡಿ. ಸಿನಿಮಾ ತೋರಿಸುವುದು ಬೇರೆ ವಿಷಯ, ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು.

ಫೋಟೋ: ಮಕ್ಕಳ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಮನೆಯವರನ್ನು ಕೇಳಿ.

ತಿಂಡಿ, ಬ್ಯಾನರ್: ಕೇರಳದಲ್ಲಿ 2020ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಬಟ್ಟೆಯ ಬ್ಯಾನರ್ ಬರೆಸಿ, ವರ್ಷ ವರ್ಷ ಬಳಸಬಹುದು. ಸ್ಟೀಲ್ ಲೋಟದಲ್ಲಿ ಪುನರ್ಪುಳಿ ಶರಬತ್ತು, ಬಾಳೆಲೆ ತುಂಡಿನಲ್ಲಿ ಸಜ್ಜಿಗೆ, ಅವಲಕ್ಕಿ. ಮಕ್ಕಳಿಗೆ ಇದು ಇಷ್ಟವೂ ಹೌದು.

ಹಂತ 8: ಹಣ ಮತ್ತು ಅರ್ಜಿ

ಮೊದಲ ಮೂರು ತಿಂಗಳಿಗೆ ಹಣ ಕೇಳಲೇಬೇಡಿ. ಚಾಪೆ, ಪುಸ್ತಕ ಇದ್ದೇ ಇದೆ. ಆಮೇಲೆ ಕೇಳುವಾಗ ತೋರಿಸಲು ಹಾಜರಿ ಪುಸ್ತಕ ಇರುತ್ತದೆ.

ಪಂಚಾಯತ್ ಮೆಂಬರನ್ನು ಮೊದಲು ನೋಡಿ. ದೊಡ್ಡ ಕಾರ್ಯಕ್ರಮಕ್ಕೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಗಡಿಯಾಚೆಯ ಕನ್ನಡ ಕೆಲಸಕ್ಕೂ ಅದು ನೆರವು ಕೊಡುತ್ತದೆ. ಇಂಥ ಅರ್ಜಿಗೆ ಸಂಸ್ಥೆಯ ನೋಂದಣಿ ಪತ್ರ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಆಡಿಟ್ ಆದ ಲೆಕ್ಕ, ಹಿಂದಿನ ಕೆಲಸದ ಫೋಟೋ ಸಾಮಾನ್ಯವಾಗಿ ಕೇಳುತ್ತಾರೆ. ನೆರವು ಬರುತ್ತದೆ ಎಂದು ನಂಬಿ ಸಾಲ ಮಾಡಿ ಕಾರ್ಯಕ್ರಮ ಮಾಡಬೇಡಿ. ಹಣ ಬರುವುದು ತಡವಾಗುತ್ತದೆ. ಪ್ರತಿ ಖರ್ಚಿಗೂ ಬಿಲ್ಲು ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕು ಕನ್ನಡಿಗರಿಗೆ 1969ರ ಕೇರಳದ ಭಾಷಾ ಕಾಯಿದೆಯಿಂದಲೇ ಇದೆ. ಉತ್ತರವನ್ನೂ ಕನ್ನಡದಲ್ಲಿ ಕೇಳಬಹುದು. ಕೆಲಸ ಬೇಗ ಆಗಬೇಕಾದರೆ ಕನ್ನಡ ಅರ್ಜಿಯ ಜೊತೆ ಮಲಯಾಳಂ ಪ್ರತಿಯೊಂದನ್ನು ಲಗತ್ತಿಸಿ. ಆದರೆ ಕನ್ನಡದ್ದನ್ನು ಬಿಡಬೇಡಿ.

ಹಂತ 9: ಬರೆದಿಡಿ

ಪ್ರತಿ ವಾರ ನಾಲ್ಕೇ ಸಾಲು: ದಿನಾಂಕ, ಬಂದ ಮಕ್ಕಳ ಸಂಖ್ಯೆ, ಓದಿದ ಕತೆ, ಮನೆಗೆ ಹೋದ ಪುಸ್ತಕಗಳ ಸಂಖ್ಯೆ. ಕೌನ್ಸಿಲಿನವರು ಲೈಬ್ರರಿಗೆ ಗ್ರೇಡ್ ಕೊಡಲು ಬರುವಾಗ ನೋಡುವುದು ಇಂಥ ರಿಜಿಸ್ಟರ್‌ಗಳನ್ನೇ. ಗ್ರೇಡಿಗೆ ತಕ್ಕ ಗ್ರಾಂಟ್. ನಿಮ್ಮ ಶನಿವಾರದ ಚಾಪೆಯಿಂದ ಮುಂದಿನ ವರ್ಷದ ಪುಸ್ತಕದ ಹಣ ಹೆಚ್ಚಾಗಬಹುದು ಎಂದು ಸಮಿತಿಗೆ ಗೊತ್ತಾದರೆ ಬೀಗದ ಕೈ ಹುಡುಕುವ ತಾಪತ್ರಯ ಇರುವುದಿಲ್ಲ.

ಮೂರನೇ, ನಾಲ್ಕನೇ ವಾರ ಮಕ್ಕಳು ಕಡಿಮೆಯಾಗುತ್ತಾರೆ, ಇದು ಎಲ್ಲ ಕಡೆಯೂ ಆಗುತ್ತದೆ. ಹದಿನೈದು ಮಂದಿ ಇದ್ದದ್ದು ಮೂರಕ್ಕೆ ಇಳಿಯಬಹುದು. ಆಗ ಬಾಗಿಲು ಹಾಕಿ ಹೋಗಬೇಡಿ. ಮೂವರಿಗೂ ಪೂರ್ತಿ ಕತೆ ಓದಿ. ಹಾಜರಿಯಲ್ಲಿ 3 ಎಂದೇ ಬರೆಯಿರಿ. ಹೊರಡುವಾಗ ಮುಂದಿನ ಶನಿವಾರದ ಕತೆಯ ಹೆಸರನ್ನು ಹೊರಗಿನ ಬೋರ್ಡಿನಲ್ಲಿ, ದಾರಿಯಲ್ಲಿ ಹೋಗುವವರಿಗೆ ಕಾಣುವಷ್ಟು ದೊಡ್ಡದಾಗಿ ಬರೆದು ಹೋಗಿ.